ಗೋಡೆ ಹತ್ತಿದ ಕರ್ಣಕುಂಡಲ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ನಾಲ್ಕನೆಯ ಬಡಿತಕ್ಕಾಗಿ ಕಾದೆ, ಬರಲಿಲ್ಲ. ಲಾಟೀನು ಹಿಡಿದು ಅಗುಳಿ ತೆಗೆದರೆ ಹೊರಗೆ ಯಾರೂ ಇರಲಿಲ್ಲ. ಹೊಸಿಲಿನ ಮೇಲೆ ತೆಂಗಿನ ಚಿಪ್ಪು, ಅದರಲ್ಲಿ ಒಂದು ಹಿಡಿ ಒದ್ದೆ ಮಣ್ಣು, ಮಣ್ಣಿನಲ್ಲಿ ಗೇಣುದ್ದದ ಗಿಡ, ಗಿಡದಲ್ಲಿ ಒಂದೇ ಒಂದು ಹೂವು.

ನಾನು ಮೊದಲು ಬೀದಿಯ ಎರಡೂ ತುದಿಗಳನ್ನು ನೋಡಿದೆ, ಆಮೇಲೆ ಹೂವನ್ನು. ಹೂವನ್ನು ನೋಡಿದ ಮೇಲೆ ಬಾಗಿಲು ಹಾಕಿ, ಅಗುಳಿ ಬಿಗಿದು, ಕಿಟಕಿಯ ಪರದೆಯನ್ನೂ ಎಳೆದೆ.

ನಮ್ಮ ಊರಿನಲ್ಲಿ ಪ್ರತಿ ಮನೆಯ ಹೊಸಿಲ ಬಳಿಯೂ ಕರ್ಣಕುಂಡಲದ ಗಿಡ ತಾನಾಗಿ ಹುಟ್ಟುತ್ತದೆ. ಕುಲ ಒಂದೇ, ಬಗೆಗಳು ಇಪ್ಪತ್ತಮೂರು, ಬೀದಿಗಳೂ ಇಪ್ಪತ್ತಮೂರು. ಒಂದೇ ಬಗೆಯ ಗಿಡವಿರುವ ಮನೆಗಳವರು ಒಟ್ಟಿಗೆ ಕೂರಬಹುದು. ಬೇರೆ ಬಗೆಯವರು ಎದುರಾದರೆ ಎಷ್ಟು ಹೊತ್ತು ಬೇಕಾದರೂ ಮಾತನಾಡಬಹುದು, ನಗಬಹುದು, ಜಗಳವಾಡಬಹುದು, ಕೂರುವಂತಿಲ್ಲ, ಅಷ್ಟೇ. ಆದ್ದರಿಂದ ನಮ್ಮ ಹೋಟೆಲುಗಳಲ್ಲಿ ಬೆಂಚುಗಳಿಲ್ಲ, ಎದೆಯೆತ್ತರದ ಹಲಗೆಗಳಿವೆ. ನಮ್ಮ ನಾಟಕಗಳು ಚಿಕ್ಕವು, ಭಾಷಣಗಳು ಅದಕ್ಕಿಂತ ಚಿಕ್ಕವು. ಪರವೂರಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದಂತೆ. ನಮ್ಮ ಕಾಲುಗಳಿಗೆ ಅಭ್ಯಾಸವಾಗಿದೆ. ಇದನ್ನು ಬರೆಯುತ್ತಿರುವುದೂ ಎದೆಯೆತ್ತರದ ಒಂದು ಮೇಜಿನ ಮೇಲೆಯೇ. ಅದನ್ನು ಮಾಡಿಸಿಕೊಟ್ಟ ಇಬ್ಬರು ಮುದುಕರು ಈ ಕಥೆಯಲ್ಲಿ ಬರುತ್ತಾರೆ.

ಯಾವ ಗಿಡ ಯಾವ ಬಗೆಯದೆಂದು ನಿರ್ಣಯಿಸುವುದು ಹೂಕಚೇರಿಯ ಪರೀಕ್ಷಕರ ಕೆಲಸ. ಹದಿನೆಂಟು ವರ್ಷಗಳಿಂದ ಆ ಕೆಲಸ ನನ್ನದು. ಪರೀಕ್ಷಕರ ಮನೆಯ ಮುಂದೆ ಗಿಡ ಹುಟ್ಟುವುದಿಲ್ಲ. ಹಾಗಾಗಿ ನಾವು ಯಾವ ಬೀದಿಯಲ್ಲಿ ಯಾರ ಜೊತೆ ಬೇಕಾದರೂ ಕೂರಬಹುದು. ಊರಿನಲ್ಲಿ ಆ ಭಾಗ್ಯವಿದ್ದವರು ಇಬ್ಬರೇ: ನಾನು ಮತ್ತು ನನಗೆ ಕೆಲಸ ಕಲಿಸಿ ನಿವೃತ್ತರಾದ ಚೆನ್ನಕೇಶವಯ್ಯ ಮೇಷ್ಟ್ರು.

ವರ್ಷಕ್ಕೊಮ್ಮೆ, ಹೂವಿನ ಕಾಲದಲ್ಲಿ, ಪ್ರತಿ ಹೊಸಿಲಿನ ಗಿಡವನ್ನೂ ನೋಡಬೇಕು. ಎಲೆ ಎದುರುಬದುರಾಗಿ ಇದೆಯೋ, ಒಂದರ ಮೇಲೊಂದು ಬದಿ ಬದಲಿಸಿ ಏರಿದೆಯೋ? ಹೂವಿನ ಹಿಂದೆ ಇಳಿಬಿದ್ದ, ಸಿಹಿ ತುಂಬಿದ ಬಾಲ ಎಷ್ಟುದ್ದ? ಈ ಹೂವಿನ ಗುಣ ವಿಶೇಷವಾದದ್ದು. ಅರಳಿದಾಗ ಅದು ಗಂಡು: ಐದು ಕೇಸರಗಳು ತಲೆಗಳನ್ನು ಅಂಟಿಸಿಕೊಂಡು ಒಂದು ಪುಟ್ಟ ಟೋಪಿಯಾಗಿ ಕೂತಿರುತ್ತವೆ. ಒಂದೆರಡು ದಿನಕ್ಕೆ ಟೋಪಿ ಉದುರಿ, ಅಡಿಯಲ್ಲಿದ್ದ, ಪರಾಗ ಹಿಡಿಯುವ ಐದು ಹಲ್ಲಿನ ಶಲಾಕೆ ಹೊರಬರುತ್ತದೆ. ಆಗ ಅದೇ ಹೂವು ಹೆಣ್ಣು. ಇವೆರಡನ್ನೂ ಅಳಿಲಿನ ಕೂದಲ ಕುಂಚದಿಂದ ಮೆಲ್ಲಗೆ ಸವರಿ, ಧೂಳು ಬಿಡಿಸಿ ನೋಡಬೇಕು. ಬೀದಿಗೊಂದು ಕುಂಚ, ಹಿಡಿಗೊಂದು ಬಣ್ಣ: ಇದು ಮೇಷ್ಟ್ರು ಹಾಕಿಕೊಟ್ಟ ಪದ್ಧತಿ.

ಆ ರಾತ್ರಿ ಚಿಪ್ಪಿನ ಗಿಡದ ಹೂವನ್ನು ಹಿತ್ತಾಳೆಯ ಅಳತೆಪಟ್ಟಿಯ ಮೇಲಿಟ್ಟೆ. ನೀಳಬಾಲದ ಹೂವಿಗೆ ಹದಿನೆಂಟು ಗೆರೆಗಿಂತ ಕಡಿಮೆಯಿಲ್ಲ. ಮೋಟುಬಾಲಕ್ಕೆ ಒಂಬತ್ತಕ್ಕಿಂತ ಹೆಚ್ಚಿಲ್ಲ. ಇದಕ್ಕೆ ಹದಿಮೂರು.

ಆ ಹದಿಮೂರು ಗೆರೆ ಒಂದು ಗೋಡೆಯನ್ನು ಬೀಳಿಸಬಲ್ಲದಾಗಿತ್ತು.

ಮೂವತ್ತು ವರ್ಷಗಳ ಹಿಂದೆ ನೀಳಬಾಲ, ಮೋಟುಬಾಲ ಎಂಬ ಬೇರೆ ಬೀದಿಗಳಿರಲಿಲ್ಲ. ಇದ್ದದ್ದು ಒಂದು ಅಗಲ ಬೀದಿ, ಎರಡು ಸಾಲು ಮನೆ, ನಡುವೆ ಒಂದು ಕಲ್ಲುಕಟ್ಟೆ. ಅಲ್ಲಿಯ ಹೂವು ಎರಡು ಬಗೆಯದೆಂದು ಮೇಷ್ಟ್ರು ತೀರ್ಪು ಕೊಟ್ಟ ವಾರದಲ್ಲೇ ಬೀದಿಯ ಉದ್ದಕ್ಕೂ ಆಳೆತ್ತರದ ಗೋಡೆ ಎದ್ದಿತು. ಗೋಡೆ ಕಲ್ಲುಕಟ್ಟೆಯ ಮೇಲೆಯೇ ಹಾದುಹೋಯಿತು. ಕಟ್ಟೆಯ ಮೇಲೆ ಕೆತ್ತಿದ್ದ ಚೌಕಾಬಾರದ ಮನೆಗಳು ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ ಉಳಿದವು.

ಆ ಮನೆಗಳ ಮೇಲೆ ಚಿಕ್ಕಂದಿನಿಂದ ಆಡುತ್ತಿದ್ದವರು ಗಡಿಯಾರ ರಿಪೇರಿಯ ಮಲ್ಲಾರಿ ಮತ್ತು ಪಾತ್ರೆಗೆ ಕಲಾಯಿ ಹಾಕುವ ಓಬಯ್ಯ. ಮಲ್ಲಾರಿಯ ಮನೆ ಮೋಟುಬಾಲಕ್ಕೆ, ಓಬಯ್ಯನದು ನೀಳಬಾಲಕ್ಕೆ ಸೇರಿತು. ಅವರು ಆಟ ನಿಲ್ಲಿಸಲಿಲ್ಲ. ಕಳೆದುಹೋದ ಅರ್ಧವನ್ನು ಇಬ್ಬರೂ ತಮ್ಮ ತಮ್ಮ ಕಡೆ ಇದ್ದಿಲಿನಿಂದ ಬರೆದುಕೊಂಡು, ಕವಡೆ ಎಸೆದು, ಬಿದ್ದದ್ದನ್ನು ಗೋಡೆಯಾಚೆಗೆ ಕೂಗಿ ಹೇಳಿ ಆಡುತ್ತಿದ್ದರು. ಮೂವತ್ತು ವರ್ಷಗಳಿಂದ ಒಬ್ಬರು ಎಸೆದ ಕವಡೆಯನ್ನು ಇನ್ನೊಬ್ಬರು ಕಂಡಿರಲಿಲ್ಲ. ಇನ್ನು ಮಲ್ಲಾರಿ ಕಾಣುವ ಸಂಭವವೂ ಕಡಿಮೆಯಾಗುತ್ತಿತ್ತು. ಅವನ ಕಣ್ಣು ಯುಗಾದಿಯವರೆಗೆ ಉಳಿದರೆ ಹೆಚ್ಚು ಎಂದು ವೈದ್ಯರು ಹೇಳಿದ್ದರು.

ಕಚೇರಿಯ ಕಟ್ಟಳೆ ಸ್ಪಷ್ಟವಾಗಿತ್ತು. ಎರಡು ಬಗೆಗಳ ನಡುವಿನ ಹೂವು ಕಂಡು, ಅದರ ಬೀಜ ಮೊಳೆತು, ಆ ಗಿಡವೂ ಬೀಜ ಕಟ್ಟಿದರೆ, ಎರಡೂ ಒಂದೇ ಬಗೆ, ಗೋಡೆ ಬೀಳಬೇಕು. ಆದರೆ ಆ ಹೂವು ಮನುಷ್ಯರ ಕೈಯಿಂದ ಆಗಿರಬಾರದು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ದಾಟಿಸಿದವರು ಸಿಕ್ಕಿಬಿದ್ದರೆ ಅವರಿಗೆ ನಿಲುವಿನ ಶಿಕ್ಷೆ: ಮುಂದೆ ಜೀವವಿರುವವರೆಗೆ ಅವರು ಯಾರ ಜೊತೆಯೂ ಕೂರುವಂತಿಲ್ಲ.

ಬೆಳಗ್ಗೆ ನಾನು ತೆಂಗಿನ ಚಿಪ್ಪನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಬೆಳ್ಳಗೆ ಹೊಳೆಯುವ ತವರದ ಹನಿಯೊಂದು ಅಂಟಿತ್ತು. ನೇರವಾಗಿ ಓಬಯ್ಯನ ಮನೆಗೆ ನಡೆದೆ. ಬಾಗಿಲಲ್ಲಿ ಸಿಕ್ಕವಳು ಅವನ ಹೆಂಡತಿ ತಿಪ್ಪಮ್ಮ. ನನ್ನ ಕೈಯ ಚಿಪ್ಪನ್ನು ನೋಡಿ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಬಾಗ್ಲು ಬಡಿದೋಳು ನಾನೇ ಕಣಮ್ಮ. ಗಿಡ ಮಾಡಿದೋಳು ನಾನಲ್ಲ” ಎಂದಳು.

“ಬಡಿದು ಓಡಿಹೋದದ್ದೇಕೆ?”

“ನಿಂತಿದ್ರೆ ನೀನು ಕೇಳ್ತಿದ್ದೆ, ನಾನು ಹೇಳ್ತಿದ್ದೆ. ನನ್ನ ಬಾಯಿ ನನಗೆ ಗೊತ್ತಿಲ್ವಾ?” ಅವಳು ಗೋಡೆಯ ತಲೆಯತ್ತ ಬೆರಳು ತೋರಿಸಿದಳು. “ನೋಡು, ಅಲ್ಲಿ. ಹೋದ ತಿಂಗಳು ಇಣುಕ್ತು. ಒಂದನ್ನ ಕಿತ್ಕೊಂಡು ಬಂದೆ. ದಿನಾ ಸಂಜೆ ಇಬ್ಬರೂ ಕೋಳಿ ಹಂಗೆ ಕೂಗ್ಕೊಂಡು ಆಡ್ತಾರಲ್ಲ, ಕಿವಿ ತೂತು ಬಿದ್ದೈತೆ. ಗೋಡೆ ಬಿದ್ರೆ ಮೆತ್ತಗೆ ಮಾತಾಡ್ಕೊಂಡು ಆಡ್ಲಿ ಅಂತ.” ದನಿ ತಗ್ಗಿಸಿ ಸೇರಿಸಿದಳು: “ಆ ಮಲ್ಲಾರಣ್ಣನ ಕಣ್ಣು ಮುಚ್ಚೋದ್ರೊಳಗೆ.”

ಗೋಡೆಯ ತಲೆಯ ಮೇಲೆ, ಬಿರುಕಿನಲ್ಲಿ, ಹದಿಮೂರು ಗೆರೆಯ ಹೂಗಳು ಸಾಲಾಗಿ ತೂಗುತ್ತಿದ್ದವು.

ನಾನು ಗೋಡೆ ಸುತ್ತಿ ಮೋಟುಬಾಲದ ಕಡೆಗೆ ಬಂದೆ. ಆ ತುದಿಯ ಮೊದಲ ಮನೆಯೇ ಮಲ್ಲಾರಿಯದು. ಅವನ ಮನೆಯೆದುರಿನ ಗೋಡೆಗೆ ಒದ್ದೆ ಗೋಣಿತಾಟುಗಳು ನೇತುಬಿದ್ದಿದ್ದವು. ನಾಲ್ಕು ಹೂವಿನ ಕಾಲಗಳಿಂದ ನಾನು ಅವನ್ನು ನೋಡುತ್ತಲೇ ಇದ್ದೆ. ಒಣಗಲು ಹಾಕಿದ್ದಾನೆಂದು ತಿಳಿದಿದ್ದೆ. ಇಷ್ಟು ವರ್ಷವಾದರೂ ಅವು ಒಣಗಲಿಲ್ಲವೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಗೋಣಿತಾಟು ಎತ್ತಿದೆ. ಹಿಂದೆ ಗೋಡೆಯೇ ಕಾಣಲಿಲ್ಲ, ಹೂವೇ.

“ಸಿಕ್ಕಿಹಾಕ್ಕೊಂಡೆ” ಎಂದ ಮಲ್ಲಾರಿ, ಬಾಗಿಲಲ್ಲಿ ನಿಂತು, ನನ್ನ ಕಡೆಗಲ್ಲದೆ ನನ್ನ ಪಕ್ಕದ ಕಂಬದ ಕಡೆಗೆ ನೋಡುತ್ತ. “ಯಾರು, ಇಂದಮ್ಮನಾ?”

“ನಾನೇ. ಇದನ್ನು ಮುಚ್ಚಿಟ್ಟದ್ದೇಕೆ?”

“ಹೆದರ್ಕೆ ಕಣಮ್ಮ. ಕೀಳೋಣ ಅಂತ ಕೈ ಚಾಚಿದೆ. ಕಾಯಿ ಟಪ್ ಅಂತ ಸಿಡಿದು ಮುಖಕ್ಕೇ ಹೊಡೀತು. ನಗು ಬಂತು. ಆಮೇಲೆ ಕೀಳೋಕೆ ಮನಸ್ಸಾಗ್ಲಿಲ್ಲ.”

ಗಿಡಗಳ ನಡುವೆ ಗೋಡೆಯ ಮೇಲೆ ಅವನು ಮೊಳೆಯಿಂದ ಗೀರಿದ ನಾಲ್ಕು ಅಡ್ಡಗೆರೆಗಳಿದ್ದವು. ಮಕ್ಕಳ ಎತ್ತರವನ್ನು ಗೋಡೆಗೆ ಗುರುತು ಹಾಕುತ್ತಾರಲ್ಲ, ಹಾಗೆ. ಕರ್ಣಕುಂಡಲ ಒಂದು ವರ್ಷದ ಗಿಡ. ಹಣ್ಣಾದ ಕಾಯಿ ಸಿಡಿದಾಗ ಬೀಜ ದೂರಕ್ಕೆ ಹಾರುತ್ತದೆ. ಮೊದಲ ವರ್ಷ ಗಿಡಗಳು ಗೋಡೆಯ ಬುಡದಲ್ಲಿ ಮಾತ್ರ ಇದ್ದವು. ಮರುವರ್ಷ ಅವುಗಳ ಬೀಜ ಮೊಣಕಾಲೆತ್ತರದ ಬಿರುಕಿನಲ್ಲಿ, ಅದರ ಮರುವರ್ಷ ಸೊಂಟದೆತ್ತರದಲ್ಲಿ, ಈ ವರ್ಷ ಗೋಡೆಯ ತಲೆಯ ಮೇಲೆ. ಕೆಳಗಿನ ಸಾಲುಗಳೂ ಉದುರಿದ ಬೀಜದಿಂದ ವರ್ಷವರ್ಷ ಅಲ್ಲಲ್ಲೇ ಮತ್ತೆ ಹುಟ್ಟುತ್ತಿದ್ದವು. ಪ್ರತಿ ಗೆರೆಯೂ ಒಂದು ತಲೆಮಾರು. ಗಡಿಯಾರದವನು ಕಾಲವನ್ನು ತಪ್ಪಿಲ್ಲದೆ ಬರೆದಿಟ್ಟಿದ್ದ.

ಈ ಸುದ್ದಿ ಮಧ್ಯಾಹ್ನದೊಳಗೆ ನೀಳಬಾಲದ ಯಜಮಾನ ಸಂಕಪ್ಪನ ಕಿವಿಗೆ ಬಿತ್ತು. ಅವನು ಕಚೇರಿಗೆ ಬಂದು, ಹಲಗೆಗೆ ಮೊಣಕೈ ಊರಿ, ಕಟ್ಟಳೆಯ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದ.

“ಕೊನೇ ಸಾಲು ಓದಿ, ಪರೀಕ್ಷಕಿಯಮ್ಮ.”

ಕೊನೆಯ ಸಾಲು ನನಗೆ ಗೊತ್ತಿತ್ತು. ಎಂಟು ದಿನಗಳಲ್ಲಿ ಕೈ ಯಾರದೆಂದು ತಿಳಿಯದಿದ್ದರೆ, ಹತ್ತಿರದ ಮನೆಯವರದೇ ಕೈ.

“ಚಿಮ್ಮಟ ಹಿಡಿಯೋ ಕಸುಬು ಆ ಬೀದೀಲಿ ಅವನೊಬ್ಬನದೇ” ಎಂದ ಸಂಕಪ್ಪ. “ಗೋಡೆ ಬಿದ್ರೆ ಲಾಭಾನೂ ಅವನಿಗೇ. ಇನ್ನು ಹುಡುಕೋದೇನೈತೆ?”

“ಅವನಿಗೆ ತನ್ನ ಬೆರಳೇ ಎರಡೆರಡು ಕಾಣುತ್ತವೆ, ಸಂಕಪ್ಪನವರೇ.”

“ಈಗ. ನಾಲ್ಕು ವರ್ಷದ ಹಿಂದೆ ನನ್ನ ಕೈಗಡಿಯಾರ ರಿಪೇರಿ ಮಾಡಿಕೊಟ್ಟವನು ಅವನೇ. ಇವತ್ತಿಗೂ ಒಂದು ನಿಮಿಷ ಹಿಂದುಮುಂದಾಗಿಲ್ಲ.” ಹೊರಡುವಾಗ ಅವನು ತಿರುಗಿ ನಿಂತ. “ನನಗೇನೂ ಮಲ್ಲಾರಿ ಮೇಲೆ ದ್ವೇಷ ಇಲ್ಲ. ಕಟ್ಟಳೆ ಅಂದ್ರೆ ಕಟ್ಟಳೆ.”

ತಿಪ್ಪಮ್ಮನಿಗೆ ಆ ಕೊನೆಯ ಸಾಲು ತಿಳಿದಿರಲಿಲ್ಲ. ಸಂಜೆ ನನ್ನ ಮನೆಗೆ ಬಂದು, ಈ ಸಲ ಬಾಗಿಲು ಬಡಿಯದೆ ಒಳಗೇ ನುಗ್ಗಿ, ಗೋಡೆಗೊರಗಿ ನಿಂತು ಅತ್ತಳು. ಒಳ್ಳೆಯದು ಮಾಡಲು ಹೋಗಿ ಗಂಡನ ಗೆಳೆಯನನ್ನು ಜನ್ಮಪೂರ್ತಿ ನಿಲ್ಲಿಸಿದೆನೆಂದು ಅವಳ ದುಃಖ. “ಎಂಟು ದಿನ ಇದೆ” ಎಂದೆ. ಅವಳು ಮೂಗೊರೆಸಿಕೊಂಡು, “ಏಳೂವರೆ” ಎಂದಳು.

ಮೊದಲು ನನಗೆ ಹೂವಿನ ನಡತೆ ತಿಳಿಯಬೇಕಿತ್ತು. ಗೋಡೆಗೆ ಏಣಿ ಹಾಕಿಸಿ, ಮೂರು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಅದರ ತುದಿಯಲ್ಲಿ ಕೂತೆ. ಮೇಷ್ಟ್ರು ಆ ಹೂಗಳನ್ನು ಎರಡೆಂದು ಬೇರ್ಪಡಿಸಿದ್ದಕ್ಕೆ ಕಾರಣ ಅತಿಥಿಗಳು. ಮೋಟುಬಾಲಕ್ಕೆ ಹಗಲಿನ ಜೇನ್ನೊಣ. ನೀಳಬಾಲದ ತಳಕ್ಕೆ ಅದರ ನಾಲಗೆ ಎಟುಕದು. ನೀಳಬಾಲಕ್ಕೆ ಮುಸ್ಸಂಜೆಯ ಪತಂಗ. ಅದು ಗಿಡ್ಡ ಹೂವಿನತ್ತ ಸುಳಿಯದು. ನಡುವಿನ ಹೂವಿಗೆ ಯಾರು ಬರುತ್ತಾರೆ? ಯಾರೂ ಬರದಿದ್ದರೆ, ವರ್ಷವರ್ಷವೂ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ.

ಮೊದಲ ದಿನ ಮಧ್ಯಾಹ್ನ ಜೇನ್ನೊಣ ಬಂತು. ತಲೆಯನ್ನೆಲ್ಲ ಒಳಗೆ ತೂರಿಸಿ, ಬೆನ್ನ ತುಂಬ ಪರಾಗ ಹೊತ್ತು ಹೊರಬಂದು ಪಕ್ಕದ ಹೂವಿಗೆ ಹೋಯಿತು. ಅಂದೇ ಮುಸ್ಸಂಜೆ, ರೆಕ್ಕೆ ಕಾಣದಷ್ಟು ವೇಗವಾಗಿ ಬಡಿಯುತ್ತ, ಗಾಳಿಯಲ್ಲಿ ತೂಗಿ ನಿಂತು, ಪತಂಗವೂ ಅದೇ ಹೂವಿಗೆ ನಾಲಗೆ ಚಾಚಿತು. ಇಬ್ಬರಿಗೂ ಎಟುಕುವ ಎತ್ತರದಲ್ಲಿ ತಟ್ಟೆ ಇಟ್ಟ ಮನೆ ಅದು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ.

ಏಣಿಯ ತುದಿಯಿಂದ ಇನ್ನೊಂದೂ ಕಂಡಿತು. ಊರಿನಲ್ಲಿ ಯಾರೂ ಮೂವತ್ತು ವರ್ಷದಿಂದ ಕಾಣದಿದ್ದದ್ದು: ಗೋಡೆಯ ಎರಡೂ ಕಡೆಯ ಆಟ, ಒಟ್ಟಿಗೆ.

ಮಲ್ಲಾರಿ ಎಸೆದ ಕವಡೆಗಳಲ್ಲಿ ಮೂರು ಅಂಗಾತ ಬಿದ್ದವು, ಲೆಕ್ಕಕ್ಕೆ ಮೂರೇ. ಅವನು ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿ ನೋಡಿ, ಗಂಟಲೆತ್ತಿ ಕೂಗಿದ: “ಬಾರ! ಎಂಟು!”

“ಥೂ ನಿನ್ನ, ಮತ್ತೆ ಬಾರಾನಾ?” ಗೋಡೆಯಾಚೆಯಿಂದ ಓಬಯ್ಯ. “ಕವಡೆಗೆ ಮದ್ದು ಹಾಕಿದ್ದೀಯೇನೋ ಕಳ್ಳ!”

“ಆಡಕ್ಕೆ ಬರ್ದೇ ಇರೋನು ಕವಡೆ ಬೈದ. ಎಸಿ, ಎಸಿ!”

ಓಬಯ್ಯ ಎಸೆದ. ನಾಲ್ಕೂ ಕವಡೆ ಬೋರಲು, ನಿಜವಾದ ಬಾರ. ಅವನು ಅದನ್ನು ಒಂದು ಗಳಿಗೆ ನೋಡಿದ. ತಲೆಯೆತ್ತಿದಾಗ ಏಣಿಯ ಮೇಲಿದ್ದ ನಾನು ಅವನ ಕಣ್ಣಿಗೆ ಬಿದ್ದೆ. ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿ, ಬೇಸರದ ದನಿ ತೆಗೆದು ಕೂಗಿದ: “ಎರಡು ಕಣಯ್ಯ. ನನ್ನ ಹಣೆಬರಹ!”

ಈಚೆ ಕಡೆ ಮಲ್ಲಾರಿ ತೊಡೆ ತಟ್ಟಿಕೊಂಡು ನಕ್ಕ. ನಾನು ಹೂವಿನ ಕಡೆಗೆ ತಿರುಗಿ, ಬರೆಯುವುದು ಬಹಳವಿದೆ ಎಂಬಂತೆ ಬರೆಯತೊಡಗಿದೆ.

ಗಿಡಗಳನ್ನು ಎಣಿಸಿದ್ದು ನಾಲ್ಕನೆಯ ದಿನ. ಇಲ್ಲಿ ನನಗೆ ಮೊದಲ ಸುಳಿವು ಸಿಕ್ಕಿತು. ಮಲ್ಲಾರಿಯ ಮನೆಯೆದುರು, ಗೋಡೆಯ ಬುಡದ ಸಾಲಿನಲ್ಲಿ ಇಪ್ಪತ್ತೇಳು. ಎರಡನೆಯ ಮನೆಯೆದುರು ಒಂಬತ್ತು. ಮೂರನೆಯದರ ಎದುರು ಎರಡು. ನಾಲ್ಕನೆಯ ಮನೆಯಿಂದ ಬೀದಿಯ ಕೊನೆಯವರೆಗೆ ಒಂದೂ ಇಲ್ಲ. ಆ ಮೂರು ಮನೆಯವರೂ ಹೆದರಿ ಗೋಣಿ ಮುಚ್ಚಿದ್ದರು. ಮೂರು ಮನೆಯವರೂ ಒಂದೇ ಮಾತು ಹೇಳಿದರು: ಶುರುವಾದದ್ದು ಒಂದೇ ವರ್ಷ, ಆಮೇಲೆ ಹೊಸದಾಗಿ ಎಲ್ಲಿಯೂ ಬಂದಿಲ್ಲ.

ಆ ಎಣಿಕೆಯನ್ನು ಹಿಡಿದು ಮೇಷ್ಟ್ರ ಮನೆಗೆ ಹೋದೆ. ಎಂಬತ್ತು ದಾಟಿದ ಚೆನ್ನಕೇಶವಯ್ಯನವರು ತೂಗುಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತ ಎಲ್ಲವನ್ನೂ ಹೇಳಿದೆ. ನೊಣವೂ ಪತಂಗವೂ ಒಂದೇ ಹೂವಿಗೆ ಬಂದ ಸಂಗತಿಯನ್ನು ಅವರು ಎರಡು ಸಲ ಹೇಳಿಸಿಕೊಂಡರು.

“ಇಬ್ಬರೂ ಬಂದರೇ?” ಎಂದರು, ಮೊಮ್ಮಗುವಿನ ಸುದ್ದಿ ಕೇಳಿದವರಂತೆ. “ಹಾಗಾದರೆ ನಾನು ತಪ್ಪಿದೆ, ಇಂದೂ. ನಾನು ನೋಡಿದಾಗ ನಡುವಿನ ಹೂವು ಇರಲಿಲ್ಲ. ಇಲ್ಲದ್ದನ್ನ ಹೇಗೆ ನೋಡಲಿ, ಹೇಳು.”

“ಮೊದಲ ಸಾಲು ಮಾತ್ರ ಕೈಯದು, ಮೇಷ್ಟ್ರೇ. ಪತಂಗ ತಂದಿದ್ದರೆ ಇಡೀ ಬೀದಿಗೆ ಚೆಲ್ಲಾಪಿಲ್ಲಿಯಾಗುತ್ತಿತ್ತು.”

“ಇಪ್ಪತ್ತೇಳು, ಒಂಬತ್ತು, ಎರಡು.” ಅವರು ಮೂರು ಅವರೆಕಾಳನ್ನು ಸಾಲಾಗಿಟ್ಟರು. “ಪರಾಗ ಖಾಲಿಯಾಗುತ್ತ ಹೋಗಿದೆ. ಯಾರೋ ಒಂದೇ ದಿನ, ಒಂದೇ ನಡಿಗೆಯಲ್ಲಿ, ನೀಳಬಾಲದ ತುದಿಯಿಂದ ಗೋಡೆ ಸುತ್ತಿ ಈ ಕಡೆಗೆ ಬಂದಿದ್ದಾರೆ. ಕೆಡುಕು ಮಾಡುವವನ ಕೈ ಹೀಗೆ ಹಂಚೋದಿಲ್ಲಮ್ಮ. ಇದು ತಿಳಿಯದೆ ಆದ ಕೆಲಸ.” ಅವರು ನನ್ನತ್ತ ನೋಡದೆ ಇನ್ನೊಂದು ಕಾಯಿ ಬಿಡಿಸಿದರು. “ಆ ವರ್ಷದ ದಿನಚರಿ ಇದೆಯಲ್ಲ? ತೆಗೆದು ಓದು.”

ಮನೆಗೆ ಬಂದು ನಾಲ್ಕು ವರ್ಷದ ಹಿಂದಿನ ದಿನಚರಿ ತೆಗೆದೆ. ಹೂವಿನ ಕಾಲದ ಪುಟ ತಿರುವಿದೆ. ಒಂದು ಸಾಲು ಓದಿದೆ, ಮತ್ತೊಮ್ಮೆ ಓದಿದೆ. ಆಮೇಲೆ ಅನ್ನಕ್ಕಿಟ್ಟು, ಉಂಡು, ಚೆನ್ನಾಗಿ ನಿದ್ದೆ ಮಾಡಿದೆ. ಹೆಸರು ಗೊತ್ತಾಗಿತ್ತು. ಗೊತ್ತಾದ ಮೇಲೆ ಮನಸ್ಸು ಹಗುರವಾಗುತ್ತದೆಂದು ನಾನು ಎಣಿಸಿರಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಎರಡೂ ಬೀದಿಯವರು ಬಯಲಿನಲ್ಲಿ ಸೇರಿದರು. ಬೇರೆ ಬಗೆಯವರು ಸೇರಿದ ಜಾಗವಾದ್ದರಿಂದ ಎಲ್ಲರೂ ನಿಂತಿದ್ದರು. ಮಲ್ಲಾರಿ ಶುಭ್ರವಾದ ಅಂಗಿ ತೊಟ್ಟು ಬಂದಿದ್ದ. ಹಿಂದಿನ ದಿನ ಅವನು ಮನೆಯ ಕುರ್ಚಿಯನ್ನು ಅಟ್ಟಕ್ಕೇರಿಸಿ, ನಿಂತೇ ಊಟ ಮಾಡುವುದನ್ನು ಅಭ್ಯಾಸ ಮಾಡಿದನೆಂದು ತಿಪ್ಪಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಓಬಯ್ಯ ಬೇಕೆಂದೇ ಅವನ ಪಕ್ಕಕ್ಕೆ ಬಂದು ನಿಂತಿದ್ದ.

“ನಿನ್ನ ನಿಲ್ಸಿದ್ರೆ ನಾನೂ ನಿಲ್ತೀನಿ” ಎನ್ನುತ್ತಿದ್ದ ಅವನು.

“ನಿಂತ್ಕಂಡು ಚೌಕಾಬಾರ ಹೆಂಗೋ ಆಡೋದು, ಪೆದ್ದ?”

“ಎತ್ತರದ ಮೇಜು ಮಾಡಿಸೋಣ.”

ನಾನು ತೀರ್ಪಿನ ಕಾಗದ ಬಿಡಿಸಿದೆ. ಮೊದಲ ಭಾಗ ದೀರ್ಘವಾಗಿತ್ತು. ಅದನ್ನು ಒಂದೇ ಉಸಿರಿಗೆ ಓದಿದೆ. ಗೋಡೆಯ ಬುಡದ ಸಾಲು ಮನುಷ್ಯರ ಕೈಯಿಂದ ಆದದ್ದು. ಅದನ್ನು ಪುರಾವೆಯೆಂದು ಕಚೇರಿ ಒಪ್ಪುವುದಿಲ್ಲ. ಅದರ ಮೇಲಿನ ಮೂರು ಸಾಲುಗಳನ್ನು ಯಾರ ಕೈಯೂ ಮುಟ್ಟಿಲ್ಲ. ಅವುಗಳ ಪರಾಗವನ್ನು ಹಗಲು ನೊಣವೂ ಸಂಜೆ ಪತಂಗವೂ ದಾಟಿಸಿವೆ. ಅವುಗಳ ಬೀಜ ಮೂರು ಸಲ ಮೊಳೆತು, ಮೂರು ಸಲ ಕಾಯಿಕಟ್ಟಿ, ಗೋಡೆಯ ತಲೆಯನ್ನು ದಾಟಿದೆ. ಆದ್ದರಿಂದ ನೀಳಬಾಲ, ಮೋಟುಬಾಲ ಎಂಬವು ಬೇರೆ ಬಗೆಗಳಲ್ಲ, ಒಂದೇ ಬಗೆಯ ಎರಡು ರೂಪ. ಬಗೆಗಳು ಇನ್ನು ಇಪ್ಪತ್ತೆರಡು. ಗೋಡೆ ಬೀಳತಕ್ಕದ್ದು.

ಓಬಯ್ಯ ಮಲ್ಲಾರಿಯ ತೋಳು ಹಿಡಿದು ಮೆಲ್ಲಗೆ ಕೆಳಕ್ಕೆಳೆದ. ಇಬ್ಬರೂ ನೆಲದ ಮೇಲೆ ಎದುರುಬದುರಾಗಿ ಕೂತರು. ಮಲ್ಲಾರಿ ತನ್ನ ಜೇಬಿನಿಂದ ನಾಲ್ಕು ಕವಡೆ ತೆಗೆದು ಗೆಳೆಯನ ಅಂಗೈಗೆ ಹಾಕಿ, ಮುಖವನ್ನು ನೆಲಕ್ಕೆ ತೀರ ಹತ್ತಿರ ತಂದು, “ಈಗ ಎಸಿ, ನೋಡ್ತೀನಿ” ಎಂದ. ಓಬಯ್ಯ ಎಸೆದ. “ಎರಡು!” ಎಂದು ಮಲ್ಲಾರಿ ಮಗುವಿನಂತೆ ಕೂಗಿದ. ಆ ಸಲ ಬಿದ್ದದ್ದು ನಿಜವಾಗಿಯೂ ಎರಡೇ.

ಅವರನ್ನು ನೋಡಿ ತಿಪ್ಪಮ್ಮ ಕೂತಳು. ಅವಳ ಹಿಂದಿನ ಸಾಲು ಕೂತಿತು. ಆಮೇಲೆ ಎರಡೂ ಬೀದಿಯವರು, ಜಾಗ ಮಾಡಿಕೊಂಡು, ಸೀರೆ ಪಂಚೆ ಸರಿಪಡಿಸಿಕೊಂಡು, ಒಬ್ಬರ ಮೊಣಕಾಲು ಒಬ್ಬರಿಗೆ ತಾಗಿದ್ದಕ್ಕೆ ನಾಚಿ ನಗುತ್ತ ಕೂತರು.

“ಕೈ ಯಾರದು?” ಸಂಕಪ್ಪ ಮಾತ್ರ ನಿಂತೇ ಇದ್ದ. “ಗೋಡೆ ಬಿದ್ರೆ ಬೀಳ್ಲಿ. ಹೆಸರು ಬೇಕು.”

“ಎರಡನೆಯ ಭಾಗದಲ್ಲಿದೆ. ಕೂತು ಕೇಳಿ, ಸಂಕಪ್ಪನವರೇ” ಎಂದೆ.

ಅವನು ಅತ್ತಿತ್ತ ನೋಡಿದ. ಮಲ್ಲಾರಿ ಪಕ್ಕಕ್ಕೆ ಸರಿದು ನೆಲವನ್ನು ಅಂಗೈಯಿಂದ ತಟ್ಟಿ, “ಬಾ ಯಜಮಾನ, ನಿನ್ ಗಡಿಯಾರಾನೂ ಒಸಿ ಕೂರ್ಲಿ” ಎಂದ. ಸಂಕಪ್ಪ ಗೊಣಗುತ್ತ, ಮೊಣಕಾಲಿಗೆ ಕೈಯೂರಿ ಕೂತ. ಇಡೀ ಬಯಲಿನಲ್ಲಿ ನಿಂತಿದ್ದವಳು ನಾನೊಬ್ಬಳೇ.

ನಾನು ಓದಿದೆ: “ನಾಲ್ಕು ವರ್ಷಗಳ ಹಿಂದೆ, ಪರೀಕ್ಷೆಯ ದಿನ, ಮೋಟುಬಾಲದ ಕುಂಚದ ಹಿಡಿ ಮುರಿಯಿತು. ಮನೆಗೆ ಹಿಂತಿರುಗಿ ಬೇರೊಂದನ್ನು ತರುವ ಬದಲು, ಓಬಯ್ಯನವರ ಹೊಸಿಲಿನ ಹೂವನ್ನು ಸವರಿದ ಕುಂಚದಿಂದಲೇ ಮಲ್ಲಾರಿಯವರ ಹೊಸಿಲಿನ ಹೂವನ್ನೂ, ಮುಂದಿನ ಮನೆಗಳ ಹೂಗಳನ್ನೂ ಸವರಲಾಯಿತು. ನಿಲುವಿನ ಶಿಕ್ಷೆ ಇಂದಿನಿಂದಲೇ ಜಾರಿಗೆ ಬರುತ್ತದೆ. ಕೈಯ ಹೆಸರು—”

ತಲೆಯೆತ್ತಿ ಓದಿ ಮುಗಿಸಿದೆ: “ಇಂದುಮತಿ, ಹೂಕಚೇರಿಯ ಪರೀಕ್ಷಕಿ.”